ಇಡೀ ತಾಲ್ಲೂಕಿಗೆ ಹ್ಯಾಪಿ ಬರ್ತ್‌ಡೇ

ಜೂನ್ 1 ಅಂದರೆ ಸಣ್ಣ ದಿನವಲ್ಲ. 1926ರಲ್ಲಿ ಮರ್ಲಿನ್ ಮನ್ರೋ ಹುಟ್ಟಿದ್ದು ಅಂದೇ, 1929ರಲ್ಲಿ ನರ್ಗಿಸ್ ಹುಟ್ಟಿದ್ದೂ ಅಂದೇ. 1930ರಲ್ಲಿ ಡೆಕ್ಕನ್ ಕ್ವೀನ್ ರೈಲು ಮೊದಲ ಸಲ ಓಡಿದ್ದೂ ಅಂದೇ. ಇಷ್ಟಕ್ಕೇ ಬೆರಗಾದರೆ ಹೇಗೆ? ಧಾರವಾಡ ಜಿಲ್ಲೆಗೆ ಬಂದು ಐವತ್ತು ದಾಟಿದವರ ಆಧಾರ್ ಕಾರ್ಡ್ ನೋಡಿ. ಕುಂದಗೋಳ, ನವಲಗುಂದ, ಕಲಘಟಗಿ ಎಲ್ಲಿ ಹೋದರೂ ಮನ್ರೋ ಜೊತೆಗಾರರೇ ಸಿಗುತ್ತಾರೆ.

ಇವರ ಹುಟ್ಟಿದ ದಿನ ಗೊತ್ತು ಮಾಡಿದ್ದು ಸೂಲಗಿತ್ತಿ ಅಲ್ಲ, ಹೆಡ್‌ಮಾಸ್ತರು. ಬಲಗೈ ತಲೆ ಮೇಲಿಂದ ಬಂದು ಎಡಗಿವಿ ಮುಟ್ಟಿತೋ, ಹುಡುಗ ಒಂದನೇ ಇಯತ್ತೆಗೆ ಲಾಯಕ್ಕು.

"ಹುಡುಗ ಯಾವಾಗ ಹುಟ್ಯಾನವಾ?"

"ಸೀಗಿ ಹುಣ್ಣಿವಿ ಮುಂಜಾನೆರೀ ಮಾಸ್ತರ, ಹೊಲಕ್ಕ ಚರಗ ಒಯ್ಯೋ ಹೊತ್ತಿನ್ಯಾಗ."

ಅವ್ವ ಇಷ್ಟು ಕರಾರುವಾಕ್ಕಾಗಿ ಹೇಳಿದರೂ ಮಾಸ್ತರು ಬರೆದದ್ದು 1-6. ಶಾಲೆ ಶುರುವಾಗುವುದು ಜೂನಿನಲ್ಲಿ. ಆ ದಿನಕ್ಕೆ ವಯಸ್ಸು ತುಂಬಿದ್ದರಾಯ್ತು, ಲೆಕ್ಕ ಸಲೀಸು. 1969ರಲ್ಲಿ ಜನನ ಮರಣ ನೋಂದಣಿ ಕಾಯ್ದೆಯೇನೋ ಬಂತು. ದೆಹಲಿಯಿಂದ ಹೊರಟ ಅದು ಹಳ್ಳಿ ಮುಟ್ಟುವಷ್ಟರಲ್ಲಿ ಹುಡುಗರಿಗೆ ಮೀಸೆ ಬಂದಿತ್ತು.

ಸುಮ್ನೆ ಬರೆದ ಆ ತಾರೀಖಿನ ಮೇಲೆ ಕಚೇರಿಗಳಿಗಿರುವ ಭಕ್ತಿ ನೋಡಬೇಕು. ಯಾವುದೋ ಕಾಗದದಲ್ಲಿ ಒಂದು ದಿನ ಹೆಚ್ಚುಕಮ್ಮಿಯಾದರೆ ಅಫಿಡವಿಟ್, ನೋಟರಿ, ಝೆರಾಕ್ಸ್. ಅವ್ವನ ಹುಣ್ಣಿಮೆಗೆ ಸೀಲಿಲ್ಲ, ಆದ್ದರಿಂದ ಅದು ಸುಳ್ಳು. ಪೇಪರಿನ ಜ್ಯೋತಿಷಿ 'ಇಂದು ಹುಟ್ಟಿದವರಿಗೆ ವಿದೇಶ ಯೋಗ' ಅಂತ ಬರೆದರಂತೂ ಕಥೆ ಮುಗೀತು. ಅಷ್ಟೂ ಜನ ವಿಮಾನ ಹತ್ತಿದರೆ ಊರಲ್ಲಿ ದನ ಕಟ್ಟೋರು ಯಾರು?

ನಿಜವಾದ ಜಾತ್ರೆ ಮಾತ್ರ ಹಿಂದಿನ ದಿನ. ತಿಂಗಳ ಒಂದನೇ ತಾರೀಖು ಹುಟ್ಟಿದ ಸರ್ಕಾರಿ ನೌಕರ, 60 ತುಂಬುವಾಗ ಹಿಂದಿನ ತಿಂಗಳ ಕೊನೇ ದಿನವೇ ನಿವೃತ್ತಿಯಾಗಬೇಕು. ಹಾಗಾಗಿ ಮೇ 31ಕ್ಕೆ ಶಾಲು, ಹಾರ, ಹಣ್ಣಿನ ಬುಟ್ಟಿಗೆ ಎಲ್ಲಿಲ್ಲದ ಗಿರಾಕಿ. ಬೀಳ್ಕೊಡಬೇಕಾದವರೇ ಹಾರ ಹಾಕಿಸಿಕೊಂಡು ಕೂತರೆ ಭಾಷಣ ಮಾಡೋರು ಯಾರು? ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಫೋಟೊ ತೆಗೆಯಲು ಹುಬ್ಬಳ್ಳಿ ಸ್ಟೇಷನ್ನಿನ 1,507 ಮೀಟರ್ ಪ್ಲಾಟ್‌ಫಾರ್ಮೇ ಸರಿ. ಜಗತ್ತಿನಲ್ಲೇ ಉದ್ದದ್ದು ಅಂತ ಕಟ್ಟಿಸಿದ್ದಾರಲ್ಲ, ಉಪಯೋಗವಾಗಲಿ.

ಪೆನ್ಶನ್ ಜಮಾ ಆಗಿಲ್ಲ ಅಂತ ಊರ ಕಟ್ಟೆ ಮೇಲೆ ಕೂತು ಕಸ್ಟಮರ್ ಕೇರ್‌ಗೆ ಫೋನ್ ಹಚ್ಚಿದರೆ ಇನ್ನೊಂದು ಮಜಾ. "ಇದು ನೀವೇ ಅಂತ ಖಚಿತಪಡಿಸಿಕೊಳ್ಳಲು ನಿಮ್ಮ ಜನ್ಮದಿನಾಂಕ ಹೇಳಿ ಸರ್" ಅನ್ನುತ್ತದೆ ಆ ಕಡೆಯ ದನಿ. ಇವರು ಬಾಯಿ ತೆಗೆಯುವ ಮೊದಲೇ ಕಟ್ಟೆ ಮೇಲಿದ್ದವರೆಲ್ಲ ಒಟ್ಟಿಗೇ ಕೂಗುತ್ತಾರೆ: "ಜೂನ್ ಒಂದ್ರೀ!"