ಸರಕಿನ ದರ ಬೇರೆ, ಹಡಗಿನ ಬಾಡಿಗೆ ಬೇರೆ
ಶಾಂಘೈ ಸೂಚ್ಯಂಕ ಇಳಿದಿದೆ, ಹಾಗಾಗಿ ಹಡಗಿನ ಬಾಡಿಗೆಯೂ ಬಿದ್ದಿದೆ ಎಂದು ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ದಯವಿಟ್ಟು ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಶಾಂಘೈ ಸೂಚ್ಯಂಕ ಅಳೆಯುವುದು ಕಂಟೇನರ್ ಸಾಗಿಸಲು ಸರಕಿನವರು ತೆರುವ ದರ. ಹಡಗನ್ನೇ ಬಾಡಿಗೆಗೆ ಹಿಡಿದರೆ ಲೆಕ್ಕ ದಿನಕ್ಕೆ ಇಷ್ಟು ಡಾಲರ್ ಎಂದು. ಇಂಧನ, ಬಂದರು ಶುಲ್ಕ ಬಾಡಿಗೆದಾರರ ತಲೆಗೆ. ಸಿಬ್ಬಂದಿ, ವಿಮೆ, ದುರಸ್ತಿ ಮಾಲೀಕರದ್ದು.

ಹಡಗಿನ ಬಾಡಿಗೆ ತಿಳಿಯಲು ನೋಡಬೇಕಾದದ್ದು ಜರ್ಮನಿಯ ಹಾರ್ಪೆಕ್ಸ್ ಅಥವಾ ಕಾನ್‌ಟೆಕ್ಸ್ ಎಂಬ ಬಾಡಿಗೆ ಸೂಚ್ಯಂಕ. ಕಾನ್‌ಟೆಕ್ಸ್‌ನಲ್ಲಿ ಹ್ಯಾಂಬರ್ಗ್, ಬ್ರೆಮೆನ್ ಬ್ರೋಕರ್‌ಗಳ ಸಂಘ 1,100, 1,700, 2,500 ಟಿಇಯು (ಹಡಗು ಎಷ್ಟು 20 ಅಡಿ ಕಂಟೇನರ್ ಹೊರಬಲ್ಲದು ಎಂಬ ಲೆಕ್ಕ) ಹೀಗೆ ಗಾತ್ರವಾರು ದರ ಕಟ್ಟುತ್ತದೆ. ಆ ಗಾತ್ರದಲ್ಲಿ ಹೊಸ ಒಪ್ಪಂದವೇ ಆಗದಿದ್ದರೆ? ಆಗ ಬ್ರೋಕರ್‌ಗಳ ಅಂದಾಜೇ ಆಧಾರ. ನನಗೆ ಇದು ದೋಷವಾಗಿ ಕಾಣುವುದಿಲ್ಲ, ದಿನವಿಡೀ ಚೌಕಾಸಿ ನಡೆಸುವವರಿಗೆ ಮಾರುಕಟ್ಟೆಯ ನಾಡಿ ಗೊತ್ತಿರುತ್ತದೆ. ಆದರೆ ದೈತ್ಯ ಹಡಗುಗಳು ಹೆಚ್ಚಾಗಿ ಕಂಪನಿಗಳ ಸ್ವಂತದ್ದು ಇಲ್ಲವೇ ದೀರ್ಘ ಗುತ್ತಿಗೆಯವು, ಅವುಗಳ ಚಿತ್ರ ಇಲ್ಲಿ ಸಿಗದು.

2023ರ ಕೊನೆಯಲ್ಲಿ ಕೆಂಪು ಸಮುದ್ರದ ದಾಳಿಗಳಿಂದ ಹಡಗುಗಳು ಆಫ್ರಿಕಾ ಸುತ್ತಿ ಹೋಗತೊಡಗಿದಾಗ ಸಾಗಣೆ ದರ ಕೂಡಲೇ ಜಿಗಿಯಿತು, ಬಾಡಿಗೆ ನಿಧಾನವಾಗಿ ಹಿಂಬಾಲಿಸಿತು. ಮುಂದಿನ ಲೇಖನದಲ್ಲಿ ಎರಡೂ ಗೆರೆಗಳನ್ನು ಒಂದೇ ನಕ್ಷೆಯಲ್ಲಿ ಹಾಕಿ ತೋರಿಸಿ.