ಅದು ಸಮುದ್ರವಲ್ಲ

ಟಿಬೆಟ್‌ನ ನೆಲದಾಳದ ಬಗ್ಗೆ ನಿಮ್ಮಲ್ಲಿ ಪ್ರಕಟವಾದ ಲೇಖನ ಓದಿದೆ. ಟಿಬೆಟ್ ಪ್ರಸ್ಥಭೂಮಿಯ ಅಡಿಯಲ್ಲಿ ‘ಕರಗಿದ ಬಂಡೆಯ ಸಮುದ್ರವೇ ಇದೆ’ ಎಂಬ ಲೇಖಕರ ಸಾಲನ್ನು ನಾನು ಒಪ್ಪಲಾರೆ. ನೆಲದೊಳಗೆ ಸಾಗುವ ಕಂಪನದ ಅಲೆಗಳಿಂದ ಮೂಡುವ ಭೂಗರ್ಭದ ಚಿತ್ರ ಛಾಯಾಚಿತ್ರವಲ್ಲ. ಶಿರಸಿಯ ನಮ್ಮ ಮನೆಯಲ್ಲಿ ಹಲಸಿನಕಾಯಿಯನ್ನು ತಟ್ಟಿ ನೋಡಿ ಬಲಿತಿದೆಯೋ ಇಲ್ಲವೋ ಹೇಳುತ್ತಾರೆ, ಒಳಗಿನ ತೊಳೆಗಳನ್ನು ಎಣಿಸುವುದಿಲ್ಲ (ಅಜ್ಜಿ ಎಣಿಸಬಲ್ಲೆ ಎನ್ನುತ್ತಿದ್ದರು, ಆ ಮಾತು ಬೇರೆ). ಟಿಬೆಟ್‌ನ ಆಳವನ್ನು ಇಂಥ ಅಲೆಗಳಿಂದ ಪರೀಕ್ಷಿಸಿದ 1990ರ ದಶಕದ ಇನ್‌ಡೆಪ್ತ್ ಯೋಜನೆಯಲ್ಲಿ ದಕ್ಷಿಣ ಟಿಬೆಟ್‌ನ ಸುಮಾರು 15 ಕಿ.ಮೀ. ಆಳದಿಂದ ಬಲವಾದ ಪ್ರತಿಫಲನಗಳು ಬಂದದ್ದು ನಿಜ. ಆದರೆ ಅವು ಶಿಲಾಪಾಕದ್ದೋ (ಅಂದರೆ ಕರಗಿದ ಬಂಡೆಯದೋ) ಬಿಸಿ ಉಪ್ಪುನೀರಿನದೋ ಎಂದು ವಿಜ್ಞಾನಿಗಳೇ ವಾದ ಮಾಡಿದ್ದಾರೆ. ಕಂಪನದ ಅಲೆಗಳಲ್ಲಿ ಒಂದು ಬಗೆಯಾದ ಎಸ್ ಅಲೆಗಳು ದ್ರವದೊಳಗೆ ಸಾಗುವುದೇ ಇಲ್ಲ. ಅಲ್ಲಿ ಸಮುದ್ರವಿದ್ದರೆ ಅವು ಅಲ್ಲಿಗೇ ನಿಲ್ಲಬೇಕಿತ್ತು. ಟಿಬೆಟ್‌ನ ಮಧ್ಯತೊಗಟೆಯಲ್ಲಿ, ಅಂದರೆ ಭೂಮಿಯ ಗಟ್ಟಿ ಹೊರಪದರದ ನಡುಭಾಗದಲ್ಲಿ, ಅವು ನಿಧಾನವಾಗುತ್ತವೆ, ಅಷ್ಟೇ. ಎಂದರೆ ಗಟ್ಟಿ ಬಂಡೆಯ ಹರಳುಗಳ ಸಂದಿಯಲ್ಲಿ ತುಸು ದ್ರವ ಇರಬಹುದು, ಒದ್ದೆ ಮರಳಿನಲ್ಲಿ ನೀರು ಇರುವಂತೆ. ಸುಮಾರು 70 ಕಿ.ಮೀ. ದಪ್ಪದ ತೊಗಟೆಯ ಬಗ್ಗೆ ಬರೆದ ಉಳಿದ ಭಾಗ ಚೆನ್ನಾಗಿದೆ. ದಯವಿಟ್ಟು ಆ ಒಂದು ಪದವನ್ನು ತೆಗೆಯಿರಿ, ನಮಗೆ ಕಾರವಾರದ ಸಮುದ್ರವೇ ಸಾಕು.