ಮೈ ತುಂಬ್ಕೊಳ್ಳಲಿ ಅಂತ

ಬರೆಯಬಾರದು ಅಂದುಕೊಂಡಿದ್ದೆ. ನೆಂಟರ ಮನೆ ವಿಷಯ ಫೇಸ್‌ಬುಕ್ ಗೋಡೆ ಮೇಲೆ ಹಾಕಬೇಡ ಅಂತ ನಮ್ಮ ಯಜಮಾನರ ಕಟ್ಟಪ್ಪಣೆ ಬೇರೆ ಇದೆ. ಆದರೆ ಭಾನುವಾರದಿಂದ ಹೊಟ್ಟೆಯೊಳಗೆ ಕುದಿಯುತ್ತಿದೆ. ಇವತ್ತು ಗುರುವಾರ. ಇನ್ನು ತಡೆಯೋಕಾಗಲ್ಲ.

ಭಾನುವಾರ ನೆಂಟರೊಬ್ಬರ ಗೃಹಪ್ರವೇಶ. ಹೋಮ ಮುಗಿದಿತ್ತು, ಊಟಕ್ಕೆ ಇನ್ನೂ ಎಲೆ ಹಾಕಿರಲಿಲ್ಲ. ನನ್ನ ತಮ್ಮನ ಮಗಳು ಪುಟ್ಟಿಗೆ ಈಗ ಮೂರು ವರ್ಷ. ಹೊಸ ಮನೆಯ ಮೆಟ್ಟಿಲು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಹತ್ತು ಸಲದವರೆಗೆ ಎಣಿಸಿದೆ, ಆಮೇಲೆ ನನಗೇ ಸುಸ್ತಾಗಿ ಬಿಟ್ಟೆ. ಉದ್ದುದ್ದ ಕಾಲು, ಸಣ್ಣ ರಟ್ಟೆ, ಫಳಫಳ ಹೊಳೆಯುವ ಕಣ್ಣು. ಅಷ್ಟರಲ್ಲಿ ನಮ್ಮ ಸೋದರತ್ತೆ ಅವಳ ರಟ್ಟೆ ಹಿಡಿದು ನಿಲ್ಲಿಸಿದರು. ಎರಡು ಬೆರಳಲ್ಲಿ ಸುತ್ತು ಹಾಕಿ, ಬಳೆಗಾರರ ಹಾಗೆ ಅಳತೆ ನೋಡಿ, ತಮ್ಮನ ಹೆಂಡತಿಗೆ ಕೇಳಿದರು: "ಏನಮ್ಮ, ಮಗು ಹಿಂಗೆ ಸೊರಗಿ ಹೋಗಿದೆ? ಊಟ ಹಾಕ್ತೀಯೋ ಇಲ್ವೋ?"

ಇಪ್ಪತ್ತು ಜನರ ಎದುರು. ಆ ಹುಡುಗಿ ಬೆಳಿಗ್ಗೆ ಐದಕ್ಕೆ ಎದ್ದು, ಮಗುವಿಗೆ ಸ್ನಾನ ಮಾಡಿಸಿ, ಎರಡು ಇಡ್ಲಿ ತಿನ್ನಿಸಿ ಕರೆದುಕೊಂಡು ಬಂದಿದ್ದಳು. ತಾನು ಏನೂ ತಿಂದಿರಲಿಲ್ಲ, ಅದು ಬೇರೆ ಮಾತು. ಮುಖ ಸಣ್ಣಗೆ ಮಾಡಿಕೊಂಡು "ತಿಂತಾಳೆ ಅತ್ತೆ" ಅಂದಳು. ಅತ್ತೆ ಕೇಳಿಸಿಕೊಳ್ಳಲಿಲ್ಲ. "ಸ್ವಲ್ಪ ಮೈ ತುಂಬ್ಕೊಳ್ಳಲಿ" ಅನ್ನುತ್ತಾ ಅಡುಗೆಮನೆಗೆ ನಡೆದರು.

ಹತ್ತೇ ನಿಮಿಷಕ್ಕೆ ಲೋಟ ಬಂತು. ಗಟ್ಟಿ ಹಾಲು, ಎರಡು ಚಮಚ ಚಾಕೊಲೇಟ್ ಬಣ್ಣದ ಪುಡಿ, ಅದರ ಮೇಲೆ ಎರಡು ಚಮಚ ಸಕ್ಕರೆ. ತಟ್ಟೆಯಲ್ಲಿ ನಾಲ್ಕು ಕ್ರೀಂ ಬಿಸ್ಕತ್ತು. ಪುಟ್ಟಿ ಅರ್ಧ ಲೋಟ ಕುಡಿದಳು, ಒಂದು ಬಿಸ್ಕತ್ತಿನ ಕ್ರೀಂ ನೆಕ್ಕಿದಳು, ಆಮೇಲೆ ಮುಖ ತಿರುಗಿಸಿದಳು. ಬಾಯಿ ಬಿಗಿಯಾಗಿ ಮುಚ್ಚಿದಳು. ಮೂರು ವರ್ಷದ ಮಗು "ಸಾಕು" ಅನ್ನೋದಕ್ಕೆ ಇನ್ನೇನು ಮಾಡಬೇಕು ಹೇಳಿ? ಆಗ ಮೊಬೈಲ್ ಬಂತು. ಹಾಡು ಶುರುವಾಯಿತು, ಬಣ್ಣದ ಆನೆಯೊಂದು ಕುಣಿಯಿತು. ಮಗುವಿನ ಬಾಯಿ ತಾನಾಗಿ ತೆರೆಯಿತು. ಉಳಿದದ್ದೆಲ್ಲ ಒಳಗೆ ಹೋಯಿತು. "ನೋಡಿದ್ಯಾ, ಹಸಿವಿತ್ತು ಮಗೂಗೆ" ಅಂದರು ಅತ್ತೆ, ಗೆದ್ದವರ ಹಾಗೆ.

ಇದೇ ಹೊತ್ತಿಗೆ ಹೊರಗೆ ಶಾಮಿಯಾನದ ಕೆಳಗೆ ಗಂಡಸರ ಸಭೆ. ವಿಷಯ ಹಾರ್ಟ್ ಅಟ್ಯಾಕ್. 2025ರ ಜೂನ್-ಜುಲೈನಲ್ಲಿ ಹಾಸನದಲ್ಲಿ ಸಾಲು ಸಾಲು ಹಾರ್ಟ್ ಅಟ್ಯಾಕ್ ಸಾವಿನ ಸುದ್ದಿ ಬಂದಾಗಿನಿಂದ ನಮ್ಮ ಮನೆಗಳಲ್ಲಿ ಎಲೆ ಹಾಕುವ ಮುಂಚೆ ಈ ಮಾತು ಆಗಲೇಬೇಕು. ಯಾರು ಇಸಿಜಿ ಮಾಡಿಸಿದರು, ಯಾರಿಗೆ ಎಕೋ ಆಯಿತು, ಯಾರು ಬೆಳಗಿನ ಜಾವ ಹೋಗಿ ಸಾಲಲ್ಲಿ ನಿಂತರು. ಅಪ್ಪು ಹೋದಾಗಲೂ ಹೀಗೇ ಆಗಿತ್ತಲ್ವಾ? ಒಬ್ಬರು ಕೋವಿಡ್ ಲಸಿಕೆ ಅಂದರು, ಇನ್ನೊಬ್ಬರು ಜಿಮ್ ಅಂದರು. ಸರ್ಕಾರದ ತಜ್ಞರ ಸಮಿತಿ ಲಸಿಕೆಗೂ ಇದಕ್ಕೂ ಸಂಬಂಧ ಕಾಣಲಿಲ್ಲ, ಬಿಪಿ, ಶುಗರ್, ಸಿಗರೇಟು, ಕೊಬ್ಬು ಇವೇ ಹಳೇ ಕಾರಣಗಳು ಅಂತ ಹೇಳಿದ್ದು ಯಾರಿಗೂ ರುಚಿಸಿಲ್ಲ. ಹಳೇ ಕಾರಣದಲ್ಲಿ ಮಜಾ ಏನಿದೆ?

ಒಳಗೆ ಲೋಟ, ಹೊರಗೆ ಇಸಿಜಿ. ಮಧ್ಯೆ ಬಾಗಿಲಲ್ಲಿ ನಾನು. ಇವೆರಡೂ ಒಂದೇ ಕಥೆಯ ಮೊದಲ ಪುಟ ಮತ್ತು ಕೊನೆಯ ಪುಟ ಅಂತ ಕೂಗಿ ಹೇಳಬೇಕು ಅನ್ನಿಸಿತು. ಹೇಳಲಿಲ್ಲ. ಹೋಳಿಗೆ ತಿಂದು ಬಂದೆ. (ಒಂದೂವರೆ. ಲೆಕ್ಕ ಇಟ್ಟಿದ್ದೇನೆ.)

ಈಗ ಹೇಳುತ್ತೇನೆ. ನಮ್ಮ ಮೈಸೂರಿನದೇ ಕಥೆ.

ಮಂಡಿ ಮೊಹಲ್ಲಾದ ಮಿಷನ್ ಆಸ್ಪತ್ರೆ ಗೊತ್ತಲ್ಲ, ಹೋಲ್ಡ್ಸ್‌ವರ್ತ್ ಆಸ್ಪತ್ರೆ. ಅಲ್ಲಿ 1934ರಿಂದಲೇ ಹುಟ್ಟಿದ ಮಕ್ಕಳ ತೂಕ, ಉದ್ದ, ತಲೆಯ ಸುತ್ತಳತೆ ಎಲ್ಲ ಬರೆದಿಟ್ಟಿದ್ದರು. ಆ ದಾಖಲೆಗಳು ಹಾಗೇ ಉಳಿದಿದ್ದವು. ದಶಕಗಳಾದ ಮೇಲೆ ಇಂಗ್ಲೆಂಡಿನ ಸೌತಾಂಪ್ಟನ್‌ನ ವೈದ್ಯರು ಮತ್ತು ನಮ್ಮ ಆಸ್ಪತ್ರೆಯವರು ಸೇರಿ, ಆ ಮಕ್ಕಳಲ್ಲಿ ಇನ್ನೂ ಊರಲ್ಲೇ ಇದ್ದ 517 ಜನರನ್ನು ಹುಡುಕಿ ಎದೆ ಪರೀಕ್ಷೆ ಮಾಡಿದರು. ಅಷ್ಟು ಹೊತ್ತಿಗೆ ಅವರೆಲ್ಲ ನಡುವಯಸ್ಸಿನವರು. 1996ರಲ್ಲಿ ಫಲಿತಾಂಶ ಬಂತು. ಹುಟ್ಟಿದಾಗ ಐದೂವರೆ ಪೌಂಡ್, ಅಂದರೆ ಎರಡೂವರೆ ಕೆಜಿ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ಶೇ 11ರಷ್ಟು ಜನಕ್ಕೆ ಹೃದಯದ ಕಾಯಿಲೆ. ಏಳು ಪೌಂಡ್ ಮತ್ತು ಅದಕ್ಕಿಂತ ಜಾಸ್ತಿ ಇದ್ದವರಲ್ಲಿ ಶೇ 3. ಎಲ್ಲಕ್ಕಿಂತ ಹೆಚ್ಚು ಯಾರಿಗೆ? ಹುಟ್ಟುವಾಗ ತಾವೂ ಸಣ್ಣ, ಬಸುರಿಯಲ್ಲಿ ಅವರ ತಾಯಿಯ ತೂಕವೂ 45 ಕೆಜಿಗಿಂತ ಕಡಿಮೆ. ಅಂಥವರಲ್ಲಿ ಶೇ 20.

ನಮ್ಮಮ್ಮ ಹುಟ್ಟಿದ್ದು ಅದೇ ಆಸ್ಪತ್ರೆಯಲ್ಲಿ, 1951ರಲ್ಲಿ. ಅಜ್ಜಿಯನ್ನು ನೋಡಿದವರಿಗೆ ಗೊತ್ತು, ಗಾಳಿ ಬಂದರೆ ಹಾರಿಹೋಗುವ ಹಾಗಿದ್ದರು. ಎಲ್ಲರ ಊಟ ಆದ ಮೇಲೆ ಪಾತ್ರೆಯಲ್ಲಿ ಉಳಿದದ್ದೇ ಅವರ ಊಟ. ಅಮ್ಮನಿಗೆ ನಲವತ್ತೆಂಟಕ್ಕೆ ಶುಗರ್, ಅರವತ್ತೊಂದಕ್ಕೆ ಬೈಪಾಸ್. ಆಗ ಎಲ್ಲರೂ "ಟೆನ್ಷನ್ ಜಾಸ್ತಿ ಮಾಡ್ಕೊಂಡ್ಳು" ಅಂದರು.

ಇದಕ್ಕೂ ಅತ್ತೆಯ ಲೋಟಕ್ಕೂ ಏನು ಸಂಬಂಧ ಅಂತೀರಾ? ಪುಟ್ಟಿ ಹುಟ್ಟಿದಾಗ ಎರಡು ಕಾಲು ಕೆಜಿ. ಅದನ್ನೇ ಹಿಡಿದುಕೊಂಡು ಅತ್ತೆ "ಅದಕ್ಕೇ ಮೈ ತುಂಬಿಸ್ಬೇಕು" ಅನ್ನುತ್ತಾರೆ. ಎಡವಟ್ಟು ಆಗೋದು ಇಲ್ಲೇ. ದೆಹಲಿಯಲ್ಲಿ 1969ರಿಂದ 72ರವರೆಗೆ ಹುಟ್ಟಿದ ಮಕ್ಕಳನ್ನು ವರ್ಷಗಟ್ಟಲೆ ಬಿಡದೆ ತೂಗಿದರು. ಅವರಲ್ಲಿ 1,492 ಜನರನ್ನು ಮೂವತ್ತರ ಆಸುಪಾಸಿನಲ್ಲಿ ಮತ್ತೆ ಕರೆದು ಪರೀಕ್ಷಿಸಿದರು. ಆ ವಯಸ್ಸಿಗೇ ಶುಗರ್ ಬಂದಿದ್ದು, ಬರುವ ಹಾದಿಯಲ್ಲಿದ್ದದ್ದು ಯಾರಿಗೆ? ಎರಡು ವರ್ಷದವರೆಗೆ ಸಣ್ಣಗಿದ್ದು, ಆಮೇಲೆ ಬೇಗ ಬೇಗ ಮೈ ತುಂಬಿಕೊಂಡ ಮಕ್ಕಳಿಗೆ. ಗಮನಿಸಿ, ಅವರಲ್ಲಿ ಯಾರೂ ಹನ್ನೆರಡನೇ ವಯಸ್ಸಿನಲ್ಲಿ ಬೊಜ್ಜಿನ ಮಕ್ಕಳಾಗಿರಲಿಲ್ಲ. ಅಂಥ ಮಕ್ಕಳನ್ನು ನೋಡಿದರೆ ನಮ್ಮ ಅತ್ತೆ ದೃಷ್ಟಿ ತೆಗೆದು "ಈಗ ನೋಡು ಮಗು ಲಕ್ಷಣವಾಗಿದೆ" ಅಂತಿದ್ದರು.

ಅದೂ ಅಲ್ಲದೆ, ಮೂರು ವರ್ಷದ ಮಗು ಸಣ್ಣಗೆ ಇರಬೇಕಾದದ್ದೇ ಕಣ್ರೀ. ಮೊದಲ ವರ್ಷ ಗುಂಡಗಿರುತ್ತೆ, ನಡೆಯೋಕೆ ಶುರು ಮಾಡಿದ ಮೇಲೆ ಉದ್ದ ಆಗ್ತಾ, ಸಣ್ಣ ಆಗ್ತಾ ಹೋಗುತ್ತೆ. ಐದಾರು ವರ್ಷದ ಹೊತ್ತಿಗೆ ಅತಿ ಸಣ್ಣ. ಅಲ್ಲಿಂದ ನಿಧಾನವಾಗಿ ಮೈ ಹಿಡಿಯುತ್ತೆ. ಈ ತಿರುವು ಬೇಗ ಬಂದಷ್ಟೂ ಮುಂದೆ ಅಪಾಯ ಜಾಸ್ತಿ. ನಾವು ಏನು ಮಾಡುತ್ತೇವೆ? ಆ ತಿರುವು ಮೂರಕ್ಕೇ ಬರಲಿ ಅಂತ ಚಮಚ ಹಿಡಿದು ಕೂರುತ್ತೇವೆ. ಸಣ್ಣಗೆ ಹುಟ್ಟಿದ ಮಗುವಿನದು ತಾಯಿಯ ಹೊಟ್ಟೆಯಲ್ಲೇ ಬಡತನ ನೋಡಿದ ಮೈ. ಸ್ನಾಯು ಕಡಿಮೆ. ಜಾಸ್ತಿ ಹಾಕಿದ್ದನ್ನೆಲ್ಲ ಕೊಬ್ಬಾಗಿ ಹೊಟ್ಟೆ ಸುತ್ತ ಕೂಡಿಡುತ್ತೆ.

ಆ ಪುಡಿಯ ಡಬ್ಬಿಯನ್ನೂ ತಿರುಗಿಸಿ ಓದಿದೆ, ಕನ್ನಡಕ ಹಾಕಿಕೊಂಡು. ನೂರು ಗ್ರಾಮಿಗೆ ಮೂವತ್ತಕ್ಕೂ ಜಾಸ್ತಿ ಗ್ರಾಂ ಸಕ್ಕರೆ. ಮುಂದೆ ಮಾತ್ರ ಓಡುತ್ತಿರುವ ಹುಡುಗ, ಮೂಳೆ, ಮೆದುಳು. "ಹೆಲ್ತ್ ಡ್ರಿಂಕ್" ಅಂತ ನಮ್ಮ ಆಹಾರ ಕಾಯ್ದೆಯಲ್ಲಿ ಒಂದು ವಿಧವೇ ಇಲ್ಲ. ಆ ಹೆಸರಿನ ಕೆಳಗೆ ಇವನ್ನು ಮಾರಬೇಡಿ ಅಂತ ಕೇಂದ್ರ ಸರ್ಕಾರ ಆನ್‌ಲೈನ್ ಅಂಗಡಿಗಳಿಗೆ 2024ರ ಏಪ್ರಿಲ್‌ನಲ್ಲಿ ಹೇಳಿತು. ಅತ್ತೆ ಆನ್‌ಲೈನಲ್ಲಿ ತಗೊಳ್ಳಲ್ಲ, ಬೀದಿ ಕೊನೆಯ ಅಂಗಡಿಯಲ್ಲಿ ತಗೊಳ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಸಕ್ಕರೆ ಒಟ್ಟು ಶಕ್ತಿಯ ಶೇ 5ರ ಒಳಗಿದ್ದರೆ ಒಳ್ಳೆಯದು ಅನ್ನುತ್ತದೆ. ಮೂರು ವರ್ಷದ ಮಗುವಿಗೆ ಅದು ದಿನಕ್ಕೆ ಹೆಚ್ಚುಕಡಿಮೆ ಮೂರೂವರೆ ಚಮಚ. ಪುಟ್ಟಿಯ ಇಡೀ ದಿನದ ಪಾಲು ಒಂದು ಲೋಟ, ನಾಲ್ಕು ಬಿಸ್ಕತ್ತಿನಲ್ಲೇ ಮುಗಿದು ಮೇಲೆ ಹೋಯಿತು. ಇನ್ನೂ ಹೋಳಿಗೆ ಊಟ ಬಾಕಿ ಇತ್ತು.

"ನಾವೆಲ್ಲ ಬೆಲ್ಲ ಸಕ್ಕರೆ ತಿಂದೇ ಬೆಳೆದವರು, ನಮಗೇನಾಗಿದೆ?" ಈ ಕಾಮೆಂಟ್ ಬರುತ್ತೆ ಅಂತ ಗೊತ್ತು, ಅದಕ್ಕೆ ಮೊದಲೇ ಉತ್ತರ. ಏನಾಗಿದೆ ಅಂತ ನಿಮ್ಮ ಮಾತ್ರೆ ಡಬ್ಬಿ ಹೇಳುತ್ತೆ, ವಾರದ ಏಳು ಖಾನೆ ಇರುವುದು. ಜೊತೆಗೆ, ನಾವು ಅಷ್ಟೊಂದು ತಿಂದೇ ಇಲ್ಲ. ನ್ಯಾಯಬೆಲೆ ಅಂಗಡಿಯ ಸಕ್ಕರೆ ಬಂದರೆ ಅಮ್ಮ ಡಬ್ಬಿಯನ್ನು ಅಟ್ಟದ ಮೇಲೆ ಇಡುತ್ತಿದ್ದರು, ನಾವು ಸ್ಟೂಲ್ ಹಾಕಿ ಕದಿಯುತ್ತಿದ್ದೆವು. ಬ್ರಿಟನ್ನಿನಲ್ಲೂ ಯುದ್ಧದ ಕಾಲದಿಂದ 1953ರವರೆಗೆ ಸಕ್ಕರೆಗೆ ರೇಷನ್ ಇತ್ತು. ಹೊಟ್ಟೆಯಲ್ಲಿದ್ದಾಗ ಮತ್ತು ಮೊದಲೆರಡು ವರ್ಷ ಆ ರೇಷನ್ನಿನಲ್ಲೇ ಬೆಳೆದವರಿಗೆ ಮುಂದೆ ಡಯಾಬಿಟಿಸ್ ಅಪಾಯ ಶೇ 35ರಷ್ಟು, ಬಿಪಿ ಅಪಾಯ ಶೇ 20ರಷ್ಟು ಕಡಿಮೆ ಅಂತ 2024ರಲ್ಲಿ ಲೆಕ್ಕ ಹಾಕಿದ್ದಾರೆ. ಅಟ್ಟದ ಮೇಲಿನ ಡಬ್ಬಿಗೆ ಇಷ್ಟು ಬೆಲೆ ಇದೆ ಅಂತ ಅಮ್ಮನಿಗೆ ಗೊತ್ತಿರಲಿಲ್ಲ.

ಇನ್ನೊಂದು ಮಾತಿದೆ, ಅದನ್ನು ಹಗುರಾಗಿ ತಳ್ಳಲ್ಲ. ನಿಜವಾಗಲೂ ಊಟ ಸಾಲದ ಮಕ್ಕಳು ನಮ್ಮ ರಾಜ್ಯದಲ್ಲಿ ಲೆಕ್ಕವಿಲ್ಲದಷ್ಟು ಇದ್ದಾರೆ. ಅವರಿಗೆ ಏನು ಬೇಕು? ಮೊಟ್ಟೆ, ಹಾಲು, ಬೇಳೆ, ಸೊಪ್ಪು. ಸರ್ಕಾರಿ ಶಾಲೆಯಲ್ಲಿ ಈಗ ಹಾಲು, ಮೊಟ್ಟೆ ಕೊಡುತ್ತಿರುವುದು ಅದಕ್ಕೇ. ಮೈ ಬೆಳೆಯೋದು ಬೇರೆ, ಮೈ ತುಂಬೋದು ಬೇರೆ. ಸಕ್ಕರೆ ಮೈದಾದಿಂದ ಎತ್ತರ ಬರಲ್ಲ, ಸೊಂಟ ಬರುತ್ತೆ. ಇನ್ನು "ಸಿರಿಧಾನ್ಯ ಕೊಡಿ ಮೇಡಂ" ಅಂತ ಬರೆಯೋಕೆ ಕೈ ಎತ್ತಿದವರು ಸ್ವಲ್ಪ ತಡೀರಿ. ನಾನು ಧಾನ್ಯದ ಬಗ್ಗೆ ಮಾತಾಡ್ತಿಲ್ಲ, ಮುಚ್ಚಿದ ಬಾಯಿಯನ್ನು ಮೊಬೈಲ್ ತೋರಿಸಿ ತೆರೆಸೋದರ ಬಗ್ಗೆ ಮಾತಾಡ್ತಿದ್ದೀನಿ. ನವಣೆ ಉಂಡೆಯನ್ನೂ ಹಾಗೆ ತುರುಕಬಹುದು.

ಅಮೆರಿಕದ ಬೊಗಲೂಸಾ ಅನ್ನುವ ಊರಿನಲ್ಲಿ 1973ರಿಂದ ಮಕ್ಕಳ ಮೇಲೆ ಕಣ್ಣಿಟ್ಟಿದ್ದರು. ಅಪಘಾತದಂಥ ಕಾರಣಕ್ಕೆ ಸಣ್ಣ ವಯಸ್ಸಿನಲ್ಲೇ ತೀರಿಕೊಂಡವರ ರಕ್ತನಾಳ ತೆರೆದು ನೋಡಿದಾಗ, ಮಕ್ಕಳಲ್ಲೇ ಕೊಬ್ಬಿನ ಗೆರೆಗಳು ಕಂಡವು, ಅಂದರೆ ಮುಂದೆ ನಾಳ ಕಟ್ಟಿಕೊಳ್ಳುವುದರ ಶುರು. ಶಾಮಿಯಾನದ ಕೆಳಗಿನ ಗಂಡಸರು ಹುಡುಕುತ್ತಿದ್ದ ಉತ್ತರ ಅಲ್ಲಿದೆ.

ಇಷ್ಟು ಹೊತ್ತು ಅತ್ತೆಯನ್ನು ಬೈದೆ. ಈಗ ನನ್ನ ಸರದಿ.

ನಮ್ಮನೆ ಹುಡುಗನಿಗೆ ಈಗ ಹದಿನಾಲ್ಕು. ಅವನೂ ಹುಟ್ಟಿದಾಗ ಎರಡು ಮುಕ್ಕಾಲಿಲ್ಲ, ಎರಡೂವರೆಯೂ ಇಲ್ಲ. ಅವನು ಮೂರು ವರ್ಷದವನಿದ್ದಾಗ ಯಾರೋ "ಸೊರಗಿದ್ದಾನೆ" ಅಂದರೆ ರಾತ್ರಿ ಅಳುತ್ತಿದ್ದೆ. ಇದೇ ಪುಡಿ, ಇದೇ ಮೊಬೈಲ್. ತಟ್ಟೆ ಖಾಲಿಯಾಗುವವರೆಗೆ ಎದ್ದೇಳೋಕೆ ಬಿಡುತ್ತಿರಲಿಲ್ಲ. ಡಬ್ಬಿಗೆ ಜಾಮ್ ಬ್ರೆಡ್ಡು, ಸಂಜೆಗೆ ಎರಡು ನಿಮಿಷದ ನೂಡಲ್ಸ್. ಕೆಲಸದಿಂದ ಬಂದವಳಿಗೆ ಇನ್ನೇನು ಮಾಡೋಕಾಗುತ್ತೆ ಅಂತ ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಎಂಟನೇ ವರ್ಷಕ್ಕೆ ಕೆನ್ನೆ ತುಂಬಿತು. ಎಲ್ಲರೂ ಹೊಗಳಿದರು. ನನಗೂ ಹೆಮ್ಮೆ.

ಹನ್ನೆರಡಕ್ಕೆ ಅವನ ಕುತ್ತಿಗೆ ಹಿಂದೆ ಕಪ್ಪಗಾಯಿತು. ಕೊಳೆ ಅಂದುಕೊಂಡೆ. ಪ್ರತಿ ಭಾನುವಾರ ಕಡಲೆಹಿಟ್ಟು, ನಿಂಬೆಹಣ್ಣು ಹಚ್ಚಿ ಉಜ್ಜುತ್ತಿದ್ದೆ. "ಅಮ್ಮ ಉರಿಯುತ್ತೆ" ಅನ್ನುತ್ತಿದ್ದ. "ಸ್ನಾನ ಸರಿಯಾಗಿ ಮಾಡಿದ್ರೆ ನಾನ್ಯಾಕೆ ಉಜ್ಜಲಿ" ಅಂತ ಬೈದು ಇನ್ನೂ ಜೋರಾಗಿ ಉಜ್ಜಿದೆ. ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ, ಬೆಳ್ಳಗಾಗುವ ಕ್ರೀಂ ಕೊಡುತ್ತಾರೆ ಅಂತ. ಅವರು ಕುತ್ತಿಗೆ ನೋಡಿದರು, ಕಂಕುಳು ನೋಡಿದರು, ಹೊಟ್ಟೆಯ ಸುತ್ತ ಟೇಪು ಹಿಡಿದರು. "ಇದು ಕೊಳೆ ಅಲ್ಲಮ್ಮ. ಇವನ ಮೈ ಇನ್ಸುಲಿನ್ ಮಾತು ಕೇಳ್ತಿಲ್ಲ. ರಕ್ತ ಪರೀಕ್ಷೆ ಮಾಡಿಸಿ" ಅಂದರು. ಖಾಲಿ ಹೊಟ್ಟೆಯ ಶುಗರ್ 108. ನೂರರ ಒಳಗಿರಬೇಕಿತ್ತು. ಹನ್ನೆರಡು ವರ್ಷದ ಹುಡುಗ.

ಆಟೋದಲ್ಲಿ ವಾಪಸ್ ಬರುವಾಗ ಅವನು ಕೇಳಿದ್ದು ಒಂದೇ: "ಹಾಗಾದ್ರೆ ಇನ್ಮೇಲೆ ಉಜ್ಜಲ್ವಾ?"

ಈಗ ಪರವಾಗಿಲ್ಲ. ದಿನಾ ಸಂಜೆ ಬ್ಯಾಡ್ಮಿಂಟನ್ ಆಡ್ತಾನೆ. ಮನೆಗೆ ಆ ಪುಡಿ ಬರಲ್ಲ. ಸಾಕು ಅಂದರೆ ಸಾಕು, ತಟ್ಟೆಯಲ್ಲಿ ಅನ್ನ ಉಳಿದರೆ ಅತ್ತೆ ಹೇಳುವ ಅನ್ನಪೂರ್ಣೇಶ್ವರಿಯ ಶಾಪ ನನಗೇ ತಟ್ಟಲಿ. ಹೋದ ಸಲದ ಪರೀಕ್ಷೆಯಲ್ಲಿ 97 ಬಂತು. ಕುತ್ತಿಗೆಯ ಕಪ್ಪು ಸ್ವಲ್ಪ ತಿಳಿಯಾಗಿದೆ, ಪೂರ್ತಿ ಹೋಗಿಲ್ಲ. ಗೃಹಪ್ರವೇಶದಲ್ಲಿ ಎರಡು ಹೋಳಿಗೆ ತಿಂದ ಅಂತ ಆಮೇಲೆ ಯಜಮಾನರಿಂದ ಗೊತ್ತಾಯಿತು. ತಿನ್ನಲಿ ಬಿಡಿ, ಹಬ್ಬಕ್ಕೆ ಹೋಳಿಗೆ ತಿನ್ನಬೇಡ ಅನ್ನುವಷ್ಟು ಹುಚ್ಚು ನನಗಿನ್ನೂ ಹಿಡಿದಿಲ್ಲ.

ನಿನ್ನೆ ರಾತ್ರಿ ತಮ್ಮನ ಹೆಂಡತಿ ಫೋನ್ ಮಾಡಿದ್ದಳು. "ಅಕ್ಕಾ, ಅತ್ತೆ ಹೊರಡುವಾಗ ಒಂದು ಕೆಜಿ ಪುಡಿ ಕೊಟ್ಟು ಕಳಿಸಿದ್ದಾರೆ. ಮುಂದಿನ ಭಾನುವಾರ ಬಂದು ಪುಟ್ಟೀನ ತೂಕ ನೋಡ್ತಾರಂತೆ" ಅಂದಳು. ನೀನು ಏನು ತಿಂದೆ ಅಂತ ಕೇಳಿದೆ. ಒಂದು ನಿಮಿಷ ಸುಮ್ಮನಾದಳು. ಆ ಮನೆಯಲ್ಲಿ ಈ ಪ್ರಶ್ನೆ ಅವಳಿಗೆ ಯಾರೂ ಕೇಳಿರಲಿಲ್ಲ ಅನ್ನಿಸುತ್ತೆ, ಅವಳು ಬಸುರಿಯಾಗಿದ್ದಾಗ ನನ್ನನ್ನೂ ಸೇರಿಸಿ.

ಭಾನುವಾರ ನಾನೂ ಅಲ್ಲಿಗೆ ಹೋಗ್ತಿದ್ದೀನಿ. ಅತ್ತೆಗೆ ಎಪ್ಪತ್ತಾರು, ನನ್ನನ್ನು ಎತ್ತಿ ಆಡಿಸಿದವರು, ಬಿಪಿ ಬೇರೆ ಇದೆ. ಜಗಳ ಆಡದೆ ಆ ಲೋಟ ತಡೆಯುವ ಉಪಾಯ ಯಾರಿಗಾದರೂ ಗೊತ್ತಿದ್ದರೆ ಶನಿವಾರ ರಾತ್ರಿಯೊಳಗೆ ಹೇಳಿ.